ಕುಕ್ಕರಹಳ್ಳಿ ಕೆರೆ, 21 ಕಿಲೋಮೀಟರ್ ಓಟ, ಮತ್ತು ಟೀ ಶರ್ಟ್ ಮೇಲೆ ಏನು ಬರೆಸಲಿ?

ಕೆರೆದಂಡೆ ಕೇಳಿದ್ದು:

ನಮಸ್ಕಾರ. ಇದು ಹೊಸ ಖಾತೆ, ಮಾಮೂಲಿ ಹೆಸರಿನಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಐದು ವರ್ಷದ ಹಿಂದೆ ಗೊತ್ತಿದ್ದವನೇ ಒಬ್ಬ ನನ್ನ ಮೇಲೆ ಅತ್ಯಾಚಾರ ಮಾಡಿದ. ವಿವರ ಇಲ್ಲಿ ಬೇಡ. ಕೇಸು ಇನ್ನೂ ಕೋರ್ಟಿನಲ್ಲಿದೆ.

ಆಮೇಲೆ ಒಂದೂವರೆ ವರ್ಷ ಮನೆ, ಆಫೀಸು, ಮನೆ, ಅಷ್ಟೇ. ಒಂದು ಬೆಳಿಗ್ಗೆ ಅಕ್ಕ ಸುಮ್ನೆ ಎಬ್ಬಿಸಿ ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದಳು. ಅವತ್ತು ಗೇಟಿನಿಂದ ಮೂರನೇ ಬೆಂಚಿನವರೆಗೆ ನಡೆದು ಕುಳಿತುಬಿಟ್ಟೆ. ಮರುದಿನ ಐದನೇ ಬೆಂಚು. ಹಾಗೇ ಬೆಳೆದು ಈಗ ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಭಾನುವಾರ 16 ಕಿಲೋಮೀಟರ್. ಹೆಜ್ಜಾರ್ಲೆಗಳು ನೀರಿಗೆ ಇಳಿಯುವ ಹೊತ್ತಿಗೆ ನನ್ನ ಎರಡನೇ ಸುತ್ತು. ಈ ಕಾಲು, ಈ ಉಸಿರು ನನ್ನದೇ ಅಂತ ನನಗೆ ಅನ್ನಿಸುವುದು ಅಲ್ಲಿ ಮಾತ್ರ.

ಎರಡು ವಿಷಯ ಕೇಳಬೇಕಿತ್ತು. ಹಿಂದಿನಿಂದ ಯಾರಾದರೂ ಓಡಿ ಬರುವ ಸದ್ದಾದರೆ ಈಗಲೂ ಮೈ ಮರಗಟ್ಟುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಎದೆ ಜೋರಾಗಿ ಹೊಡೆದುಕೊಂಡರೆ ಸುಸ್ತಾಗಿದ್ದಕ್ಕೋ ಭಯಕ್ಕೋ ಗೊತ್ತಾಗುವುದಿಲ್ಲ. ನಿಮಗೆ ಹೀಗೆ ಆಗಿದೆಯಾ?

ಇನ್ನೊಂದು. ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಕ್ಲೇರ್ ಮೆಕ್‌ಫರ್ಲೇನ್ ಬಗ್ಗೆ ಓದಿದಾಗಿನಿಂದ ತಲೆಯಲ್ಲಿ ಒಂದೇ ಹುಳ. 1999ರಲ್ಲಿ ಪ್ಯಾರಿಸ್‌ನಲ್ಲಿ ಆಕೆಯ ಮೇಲೆ ಅತ್ಯಾಚಾರ ಆಯಿತು. 2015ರಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 3,000 ಕಿಲೋಮೀಟರ್ ಓಡಿದರು, ಆಮೇಲೆ ನಮ್ಮಂಥವರ ಪರವಾಗಿ ದೇಶ ದೇಶದ ಕಡಲ ತೀರಗಳಲ್ಲಿ 16 ಕಿಲೋಮೀಟರ್ ಓಡುತ್ತಾ ಹೋದರು. ನನಗೂ ಟೀ ಶರ್ಟ್ ಬೆನ್ನ ಮೇಲೆ 'ನನಗೂ ಆಗಿದೆ, ನಾನು ಇಲ್ಲೇ ಇದ್ದೇನೆ' ಅಂತ ಬರೆಸಿಕೊಂಡು ಓಡುವ ಆಸೆ. ಅಮ್ಮ ಕೇಳಿದ ತಕ್ಷಣ 'ಮನೆ ಮಾತನ್ನ ರಸ್ತೆಗೆ ತರ್ತೀಯಾ' ಅಂತ ಅತ್ತರು. ಏನು ಮಾಡಲಿ?

ಸಾವಿರಮೆಟ್ಟಿಲು:

ಹ್ಯಾಟ್ಸ್ ಆಫ್ ಮೇಡಂ. ಖಂಡಿತ ಬರೆಸಿ, ಹೆಸರು ಸಮೇತ ಬರೆಸಿ! ನಾಚಿಕೆ ಪಡಬೇಕಾದವನು ಅವನು, ನೀವಲ್ಲ. ನಮ್ಮ ಗುಂಪಿನವರೆಲ್ಲ ನಿಮ್ಮ ಜೊತೆ ಅದೇ ಟೀ ಶರ್ಟ್ ಹಾಕಿಕೊಂಡು ಓಡುತ್ತೇವೆ.

ನಾಲೆಏರಿ (ಮಂಡ್ಯ):

ಸಾವಿರಮೆಟ್ಟಿಲು ಅವರೇ, ಒಳ್ಳೆ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ಸ್ವಲ್ಪ ತಡೆಯಿರಿ. ಓಟ ಮುಗಿದ ಮೇಲೆ ನೀವು ಟೀ ಶರ್ಟ್ ಒಗೆಯಲು ಹಾಕುತ್ತೀರಿ, ಅವರು ಸೋಮವಾರ ಅದೇ ಆಫೀಸಿಗೆ ಹೋಗಬೇಕು.

ಕೆರೆದಂಡೆ, ನನಗೂ ಆಗಿದೆ. ಹನ್ನೊಂದು ವರ್ಷ ಆಯಿತು. ಇಲ್ಲಿ ಬಿಟ್ಟರೆ ಎಲ್ಲೂ ಹೇಳಿಲ್ಲ, ಹೇಳುವ ಯೋಚನೆಯೂ ಇಲ್ಲ, ಅದರಿಂದ ನನ್ನ ಓಟವೇನೂ ಕಮ್ಮಿ ಆಗಿಲ್ಲ. ಯಾರಾದರೂ 'ಧೈರ್ಯವಂತೆ' ಅಂದರೆ ನನಗಂತೂ ಮೈ ಉರಿಯುತ್ತದೆ. ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಓಡುತ್ತೇನೆ. ಕಬ್ಬು ಆಳೆತ್ತರ ಬಂತು ಅಂದರೆ ಆ ದಾರಿ ಬಿಟ್ಟು ಸ್ಟೇಡಿಯಂಗೆ ಹೋಗುತ್ತೇನೆ, ಕಟಾವು ಆದಮೇಲೆ ಮತ್ತೆ ನಾಲೆಗೆ. ಮೊದಮೊದಲು 'ಇನ್ನೂ ಹೆದರ್ತೀಯಲ್ಲೇ' ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಈಗ ಇಲ್ಲ. ಗದ್ದೆ ನೋಡಿ ದಾರಿ ಬದಲಿಸುವುದು ಇಲ್ಲಿ ಎಲ್ಲ ಹೆಂಗಸರೂ ಮಾಡುವ ಕೆಲಸವೇ, ಅಲ್ವಾ?

ಹಿಂದಿನ ಹೆಜ್ಜೆ ಸದ್ದಿಗೆ ನಾನು ಮಾಡುವುದು ಇಷ್ಟೇ: ಕಿವಿಗೆ ಏನೂ ಹಾಕಿಕೊಳ್ಳಲ್ಲ, ಸದ್ದು ಕೇಳಿದರೆ ಪಕ್ಕಕ್ಕೆ ನಿಂತು ಶೂ ಲೇಸು ಕಟ್ಟುವ ಹಾಗೆ ಬಗ್ಗಿ, ಅವರು ದಾಟಿ ಹೋಗಲು ಬಿಡುತ್ತೇನೆ. ಟೈಮಿಂಗ್ ಹಾಳಾಗುತ್ತದೆ. ಆಗಲಿ.

ಸಾವಿರಮೆಟ್ಟಿಲು:

ತಪ್ಪಾಯಿತು, ಸರಿಯಾಗಿ ಹೇಳಿದಿರಿ. ಹುರುಪಿನಲ್ಲಿ ಬರೆದುಬಿಟ್ಟೆ. ಗಂಡಸರಿಗೆ ಒಂದು ಮಾತು, ನನಗೂ ಸೇರಿಸಿ: ಕೆರೆ ಏರಿ ಮೇಲೆ ಹೆಂಗಸರನ್ನು ದಾಟುವಾಗ ಹತ್ತು ಹೆಜ್ಜೆ ಹಿಂದಿನಿಂದಲೇ 'ಬಲಗಡೆ ಬರ್ತಿದ್ದೀನಿ' ಅಂತ ಕೂಗಿ, ದೂರ ಬಿಟ್ಟು ದಾಟಿ. ಇದನ್ನು ಯಾರೂ ನಮಗೆ ಹೇಳಿಕೊಡುವುದೇ ಇಲ್ಲ.

ಆಪ್ತಸಲಹೆ:

ಆಪ್ತಸಮಾಲೋಚಕಿ ನಾನು. ಭಯಕ್ಕೂ ಓಟಕ್ಕೂ ಮೈಯೊಳಗೆ ಏಳುವ ಅಡ್ರಿನಲಿನ್ ಒಂದೇ. ಎದೆ ಹೊಡೆತ, ಬೆವರು, ಮೇಲುಸಿರು ಎಲ್ಲ ಒಂದೇ ಥರ ಬರುವುದರಿಂದ ಮೈ ಗೊಂದಲ ಮಾಡಿಕೊಳ್ಳುತ್ತದೆ. ನಿಮ್ಮ ತಲೆ ಕೆಟ್ಟಿಲ್ಲ. ಓಟದಲ್ಲಿ ಎದೆ ಜೋರಾಗಿ ಹೊಡೆದುಕೊಂಡು, ಏನೂ ಕೆಟ್ಟದ್ದಾಗದೆ, ತಾನೇ ಇಳಿಯುವುದನ್ನು ಮೈ ಎಷ್ಟೋ ಸಲ ನೋಡಿದ ಮೇಲೆ ನಿಧಾನಕ್ಕೆ ಆ ಗಂಟು ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಮಾತಾಡುತ್ತಾ ಓಡಬಹುದಾದ ವೇಗ ಇರಲಿ, ಮೆಟ್ಟಿಲು ಸ್ವಲ್ಪ ದಿನ ಬಿಡಿ. ಭಯ ಬಂದರೆ ನಿಲ್ಲಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ, ಮರ, ಬೆಂಚು, ಹಕ್ಕಿ, ಏನಾದರೂ ಸರಿ.

ಆದರೆ ಓಟವೇ ಚಿಕಿತ್ಸೆ ಅಂದುಕೊಳ್ಳಬೇಡಿ. ಕಾಲು ಉಳುಕಿ ಮೂರು ವಾರ ಮನೆಯಲ್ಲಿ ಕುಳಿತರೆ ಏನು ಮಾಡುತ್ತೀರಿ? ನಿದ್ದೆ ಇಲ್ಲದೆ, ನೋವಿದ್ದರೂ ಬಿಡದೆ ಓಡುವ ಹಾಗಾದರೆ ಅದು ತಪ್ಪಿಸಿಕೊಳ್ಳುವ ಓಟ. ಆಘಾತಕ್ಕೆ ಅಂತಲೇ ಮನಶ್ಶಾಸ್ತ್ರಜ್ಞರು ಕೊಡುವ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕರಿಕೋಟು:

ವಕೀಲೆ, ಮೈಸೂರು. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. 2024ರ ಜುಲೈ 1ಕ್ಕೆ ಮುಂಚೆ ಇದೇ ಐಪಿಸಿ 228ಎ ಆಗಿತ್ತು. ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಆದರೆ ಪತ್ರಿಕೆಯವರು, ಸಂಘಟಕರು, ಫೋಟೋ ಹಾಕುವ ಗೆಳತಿ ಕೂಡ, ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಆ ಒಪ್ಪಿಗೆಯನ್ನು ಸುಮ್ನೆ ವಾಟ್ಸಾಪ್‌ನಲ್ಲಿ 'ಓಕೆ' ಅಂತ ಕೊಟ್ಟುಬಿಡಬೇಡಿ.

ಕೇಸು ನಡೆಯುತ್ತಿದೆ ಅಂದಿರಿ. ಹಾಗಿದ್ದರೆ ಅವನ ಹೆಸರು, ಕೋರ್ಟಿನಲ್ಲಿ ಆಗಿದ್ದು ಯಾವುದನ್ನೂ ಮೈಕ್ ಮುಂದೆ ಹೇಳಬೇಡಿ. ಕೋರ್ಟಿನ ಅನುಮತಿ ಇಲ್ಲದೆ ವಿಚಾರಣೆಯ ವಿಷಯ ಪ್ರಕಟಿಸಿದರೆ 73ನೇ ಕಲಂ ಬರುತ್ತದೆ. ಎದುರು ವಕೀಲರು ಪಾಟೀ ಸವಾಲಿನಲ್ಲಿ ನಿಮ್ಮ ಮಾತನ್ನೇ ಎತ್ತಿಕೊಂಡು ಎಳೆದಾಡಬಹುದು. ಟೀ ಶರ್ಟ್ ಬರೆಸುವ ಮುಂಚೆ ನಿಮ್ಮ ಕಡೆಯ ವಕೀಲರನ್ನು ಒಂದು ಮಾತು ಕೇಳಿ. ಯಾರೂ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕು ಅಂತ ಕಾನೂನಿದೆ.

ನಾಲೆಏರಿ (ಮಂಡ್ಯ):

ಒಂದು ಹೊಳೆಯಿತು. ಬೆನ್ನ ಮೇಲೆ ದೊಡ್ಡದಾಗಿ '181' ಅಂತ ಬರೆಸಿ, ಕೆಳಗೆ 'ಮಹಿಳಾ ಸಹಾಯವಾಣಿ'. ಅಷ್ಟೇ. ನಿಮಗೆ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ಬೇಕಾದವಳು ನಂಬರ್ ಓದಿಕೊಳ್ಳುತ್ತಾಳೆ. ಹಿಂದಿನಿಂದ ಓಡಿ ಬರುವವನಿಗೂ ಓದೋಕೆ ಏನಾದರೂ ಇರಲಿ.

ಕೆರೆದಂಡೆ:

ಕೊನೆಯ ಸಾಲು ಓದಿ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ತಿರುಗಿ ನೋಡಿದರು. 181 ಬರೆಸುತ್ತಿದ್ದೇನೆ. ನಮ್ಮ ವಕೀಲರೂ ತೊಂದರೆ ಇಲ್ಲ ಅಂದರು. ಸಾವಿರಮೆಟ್ಟಿಲು ಅವರೇ, ನಿಮ್ಮ ಗುಂಪಿನವರಿಗೂ ಅದೇ ಹಾಕಿಸಿ, ಆದರೆ ಓಡುವಾಗ ನನ್ನ ಮುಂದೆ ಇರಿ.

ಮೊದಲಿನ ಬರಹ ಕೈಬಿಟ್ಟೆ ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ. ನಿನ್ನೆ ರಾತ್ರಿ ತಾವಾಗಿಯೇ 'ಎಷ್ಟು ಗಂಟೆಗೆ ಶುರು, ನಾನೂ ಬಂದು ನಿಂತಿರ್ತೀನಿ' ಅಂದರು.