ಹೊರದೇಶದ ಕಲಾವಿದರ ಪುಟ್ಟ ಕೂಟದೊಂದಿಗೆ ಕೂಡಿ ಕೆಲಸ ಮಾಡುವ ಮುನ್ನ ಏನೇನು ಗೊತ್ತು ಮಾಡಿಕೊಳ್ಳಬೇಕು?

ಪ್ರಶ್ನೆ: ಸಾಧನಕೇರಿಯ ಓದುಗ, ಧಾರವಾಡ

ನಮ್ಮದು ಧಾರವಾಡದ ಒಂದು ಚಿಕ್ಕ ಬಳಗ. ಇಬ್ಬರು ಕವಿತೆ ಬರೆಯುತ್ತೇವೆ. ಕೆಲವು ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಕಸೂತಿ ಹಾಕುತ್ತಾರೆ. ಬಳಗದ ಹೆಸರಿನಲ್ಲಿ ನೋಂದಣಿಯಾಗಲಿ ಬ್ಯಾಂಕ್ ಖಾತೆಯಾಗಲಿ ಇಲ್ಲ. ಜಪಾನ್, ಪೋರ್ಚುಗಲ್ ಮತ್ತು ಕೀನ್ಯಾದ ಬೆರಳೆಣಿಕೆಯ ಕಲಾವಿದರು ಸೇರಿ ನಡೆಸುತ್ತಿರುವ ಒಂದು ಕೂಟದವರು, ಬೇರೆ ಬೇರೆ ಸಂಸ್ಕೃತಿಗಳವರು ಒಟ್ಟಾಗಿ ಏನನ್ನಾದರೂ ಹೊಸದಾಗಿ ಮಾಡಬೇಕೆಂಬ ಆಸೆಯಿಂದ, ನಮ್ಮೊಂದಿಗೆ ಸೇರಿ ಬಟ್ಟೆಯ ಪುಟಗಳ ಒಂದು ಪುಸ್ತಕ ಮಾಡೋಣವೆಂದು ಕೇಳಿದ್ದಾರೆ. ಕವಿತೆ ಮತ್ತು ಕಸೂತಿ ನಮ್ಮವು, ರೇಖಾಚಿತ್ರ ಮತ್ತು ಪುಸ್ತಕದ ಕಟ್ಟು ಅವರದು. ಕನ್ನಡದ ಸಾಲುಗಳನ್ನೂ ಕಸೂತಿಯಲ್ಲೇ ಮೂಡಿಸಬೇಕೆಂಬುದು ಅವರ ಬಯಕೆ. ಪುಸ್ತಕವು ಆ ಮೂರೂ ದೇಶಗಳಲ್ಲಿ ಮತ್ತು ಧಾರವಾಡದಲ್ಲಿ ಪ್ರದರ್ಶನಗೊಳ್ಳುತ್ತದೆ, ಅದರ ಚಿತ್ರಗಳು ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುತ್ತವೆ. ದೊಡ್ಡ ಮೊತ್ತವಲ್ಲದಿದ್ದರೂ ಹಣ ಕಳಿಸುವುದಾಗಿ ಹೇಳಿದ್ದಾರೆ.

ಅವರ ಪತ್ರಗಳ ಧಾಟಿ ನಮಗೆ ಹಿಡಿಸಿದೆ. ಕೇಳಿ ತಿಳಿದುಕೊಳ್ಳುವ ತಾಳ್ಮೆ ಅವರಲ್ಲಿದೆ. ಆದರೆ ಅವರು ಕಳಿಸಿದ ಕರಡು ಪ್ರಕಟಣೆಯಲ್ಲಿ ಕವಿಗಳ ಮತ್ತು ಚಿತ್ರಕಾರರ ಹೆಸರುಗಳಿದ್ದು, ಕಸೂತಿ ಹಾಕುವವರನ್ನು ‘ಸ್ಥಳೀಯ ಮಹಿಳೆಯರು’ ಎಂದಷ್ಟೇ ಕರೆದಿರುವುದು ನಮ್ಮನ್ನು ಯೋಚನೆಗೆ ಹಚ್ಚಿದೆ. ಹಣ ಪಡೆಯಲು ನಾವು ಸಂಘವಾಗಿ ನೋಂದಾಯಿಸಿಕೊಳ್ಳಲೇಬೇಕೆ? ಕೆಲಸದ ಮೇಲಿನ ಹಕ್ಕನ್ನು ಹೇಗೆ ಹಂಚಿಕೊಳ್ಳಬೇಕು? ಯಾರಿಗೂ ಇನ್ನೊಬ್ಬರ ಭಾಷೆ ಬಾರದಿರುವಾಗ ಕೂಡಿ ಕೆಲಸ ಮಾಡುವ ಬಗೆ ಯಾವುದು? ಅನುಭವವಿದ್ದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಲೆಕ್ಕಪತ್ರ ನೋಡುವವರು, ಹುಬ್ಬಳ್ಳಿ

ಮೊದಲು ಹಣದ ವಿಷಯ, ಏಕೆಂದರೆ ಇಂಥ ಕೆಲಸಗಳು ಎಡವುವುದು ಹೆಚ್ಚಾಗಿ ಅಲ್ಲೇ. ಹೊರದೇಶದಿಂದ ಬರುವ ಹಣ ದೇಣಿಗೆಯಾಗಿ ಬಂದರೆ ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಕರ್ನಾಟಕದಲ್ಲಿ 7 ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನು ನೋಂದಾಯಿಸಬಹುದು, ನಿಜ. ಆದರೆ ಅಷ್ಟರಿಂದಲೇ ವಿದೇಶಿ ದೇಣಿಗೆ ಪಡೆಯುವ ಅರ್ಹತೆ ಬರುವುದಿಲ್ಲ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿಗೆ ಸಂಸ್ಥೆಯು ಸಾಮಾನ್ಯವಾಗಿ 3 ವರ್ಷ ಹಳೆಯದಾಗಿರಬೇಕು, ಹಿಂದಿನ 3 ಹಣಕಾಸು ವರ್ಷಗಳಲ್ಲಿ ತನ್ನ ಮೂಲ ಕೆಲಸಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು, ಮತ್ತು ಹಣ ಬರುವ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿಯೇ ಇರಬೇಕು. ಮನೆಯಂಗಳದಲ್ಲಿ ಸೇರುವ ಒಂದು ಬಳಗಕ್ಕೆ ಇದು ಎಟುಕುವ ಮಾತಲ್ಲ. ‘ನೋಂದಣಿ ಇರುವ ಯಾವುದಾದರೂ ಸಂಸ್ಥೆಯ ಖಾತೆಗೆ ತರಿಸಿಕೊಂಡು ನಂತರ ನಿಮಗೆ ಕೊಡಿಸೋಣ’ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ದಾಟಿಸುವಂತೆಯೇ ಇಲ್ಲ.

ಆದರೆ ನಿಮಗೆ ಬರುತ್ತಿರುವುದು ದೇಣಿಗೆಯೇ ಅಲ್ಲ, ಮಾಡಿದ ಕೆಲಸದ ಸಂಭಾವನೆ. ವೃತ್ತಿಯ ಸಹಜ ಕ್ರಮದಲ್ಲಿ ಒದಗಿಸಿದ ಸೇವೆಗೆ ಬರುವ ಶುಲ್ಕವನ್ನೂ ಮಾರಿದ ವಸ್ತುವಿನ ಬೆಲೆಯನ್ನೂ ಅದೇ ಕಾಯ್ದೆ ವಿದೇಶಿ ದೇಣಿಗೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಬಿಲ್ ಬರೆದು, ಯಾವ ಕೆಲಸಕ್ಕೆ ಎಷ್ಟು ಎಂಬುದನ್ನು ಅದರಲ್ಲಿ ನಮೂದಿಸಿ, ತಮ್ಮ ಖಾತೆಗೇ ಹಣ ತರಿಸಿಕೊಳ್ಳಲಿ ಮತ್ತು ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಲಿ. ಹೀಗೆ ಮಾಡುವುದರಿಂದ ಕಸೂತಿ ಹಾಕಿದವರ ಹೆಸರು ತಾನಾಗಿಯೇ ಕಾಗದದ ಮೇಲೆ ಬರುತ್ತದೆ ಎಂಬುದನ್ನೂ ಗಮನಿಸಿ.

ಇನ್ನು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಒಪ್ಪಂದವು ನಮ್ಮ ಕಾನೂನಿಗೆ ಒಳಪಟ್ಟಿದ್ದು ಅದರಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ವರ್ಗಾವಣೆಯ ಅಗತ್ಯವೇ ನಿಮಗಿಲ್ಲ; ಪ್ರದರ್ಶನಕ್ಕೆ ಮತ್ತು ಚಿತ್ರಗಳ ಪ್ರಕಟಣೆಗೆ ಅನುಮತಿ ಕೊಟ್ಟರೆ ಸಾಕು. ‘ಮುಕ್ತ’ ಎಂಬುದನ್ನು ಮಾತ್ರ ಬಿಡಿಸಿ ಕೇಳಿ. ಕೃತಿಯನ್ನು ಯಾರು ಬೇಕಾದರೂ ಷರತ್ತಿನ ಮೇಲೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಾದರೆ ಅದರಲ್ಲಿ ಹಲವು ಬಗೆಗಳಿವೆ, ಒಮ್ಮೆ ಕೊಟ್ಟದ್ದನ್ನು ಹಿಂತೆಗೆದುಕೊಳ್ಳಲಾಗದು. ವಾಣಿಜ್ಯ ಬಳಕೆಯನ್ನು ತಡೆಯದ ಬಗೆಯನ್ನು ಆರಿಸಿದರೆ ಯಾವ ಬಟ್ಟೆ ಕಂಪನಿಯಾದರೂ ನಿಮ್ಮ ವಿನ್ಯಾಸವನ್ನು ಅಚ್ಚು ಹಾಕಿ ಮಾರಬಹುದು. ಮಾರ್ಪಾಡನ್ನು ತಡೆಯುವ ಬಗೆಯನ್ನು ಆರಿಸಿದರೆ ನಿಮ್ಮ ಕವಿತೆಯ ಅನುವಾದವನ್ನೂ ಹಂಚಲು ಬರುವುದಿಲ್ಲ. ಕವಿತೆಗೊಂದು, ಕಸೂತಿಗೊಂದು ಎಂದು ಬೇರೆ ಬೇರೆ ಷರತ್ತು ಹಾಕುವುದೇ ಒಳಿತು.

ಉತ್ತರ 2: ಕಸೂತಿ ಕಲಿಸುವವಳು, ಧಾರವಾಡ

ಹಣದ ಮತ್ತು ಹಕ್ಕಿನ ಬಗ್ಗೆ ಮೇಲಿನವರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ನನಗೆ ಹೇಳಬೇಕಿರುವುದು ಆ ರೇಖಾಚಿತ್ರಗಳ ಬಗ್ಗೆ ಮತ್ತು ಅಕ್ಷರಗಳ ಬಗ್ಗೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಂಡು ಅದರ ಮೇಲೆ ಸೂಜಿ ಓಡಿಸುವ ಪದ್ಧತಿ ಇಲ್ಲ. ನೆಯ್ಗೆಯ ಎಳೆಗಳನ್ನು ಎಣಿಸುತ್ತ ಹೋಗಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗುವಾಗ ಬಿಟ್ಟ ಜಾಗವನ್ನು ತುಂಬುತ್ತದೆ; ಆದ್ದರಿಂದಲೇ ಬಟ್ಟೆಯ ಎರಡೂ ಮಗ್ಗುಲು ಒಂದೇ ಸಮನಾಗಿ ಕಾಣುತ್ತದೆ. ಉಳಿದ ಹೊಲಿಗೆಗಳಲ್ಲಿ ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ನೇಗಿ ನೆಯ್ದಂತೆ ಕಾಣುತ್ತದೆ, ಮೆಂತ್ಯೆ ಅಡ್ಡಡ್ಡ ಕೂತು ದಾರವನ್ನು ಹೆಚ್ಚು ತಿನ್ನುತ್ತದೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವೂ ನೇರ ಮತ್ತು ಓರೆ ಗೆರೆಗಳಲ್ಲಿಯೇ ಮೂಡಬೇಕು. ಹೊರದೇಶದ ಚಿತ್ರಕಾರರು ಕೈಬೀಸಿ ಎಳೆದ ಬಳುಕು ಗೆರೆಯನ್ನು ಕಳಿಸಿ ‘ಹೀಗೆಯೇ ಬರಲಿ’ ಎಂದರೆ ಅದು ಕಸೂತಿಯಲ್ಲಿ ಬರುವುದಿಲ್ಲ. ನಮ್ಮ ಗುಂಡಗಿನ ಕನ್ನಡ ಅಕ್ಷರಗಳಿಗೂ ಇದೇ ತೊಡಕು: ‘ಠ’ ಎಂಬುದು ಗವಂತಿಯಲ್ಲಿ ಎಂಟು ಮೂಲೆಯ ಆಕೃತಿಯಾಗುತ್ತದೆ. ಹಾಗಾಗಿ ಸಾಲುಗಳನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಸುತ್ತಲಿನ ಬಯಲನ್ನು ಕಸೂತಿಗೆ ಬಿಡುವುದು ನನಗೆ ಸರಿ ಕಾಣುತ್ತದೆ. ಮೂಲೆಗಳುಳ್ಳ ಅಕ್ಷರವೇ ಬೇಕೆಂದಾದರೆ ಅದನ್ನು ಚೌಕದ ಕಾಗದದ ಮೇಲೆ ಹೊಸದಾಗಿ ರೂಪಿಸಬೇಕು, ಮತ್ತು ಆ ಕೆಲಸವನ್ನು ಕಸೂತಿಯವರೇ ಮಾಡಬೇಕು. ಹಾಗೆ ಮಾಡಿದವರನ್ನು ‘ಸ್ಥಳೀಯ ಮಹಿಳೆಯರು’ ಎಂದು ಕರೆಯುವುದು ಸುಳ್ಳಾಗುತ್ತದೆ. ಅವರು ಆ ಪುಟದ ವಿನ್ಯಾಸಕಾರರು.

ಬಟ್ಟೆಯನ್ನು ಅವರು ಕಳಿಸುವುದಾದರೆ ಎಳೆ ಎಣಿಸಲು ಬರುವಂಥ ಸಮನೆಯ್ಗೆಯ ಬಟ್ಟೆಯನ್ನೇ ಕೇಳಿ. ಕೂಲಿಯನ್ನು ಗೇಣು ಲೆಕ್ಕದಲ್ಲಿ ಒಪ್ಪಿಕೊಳ್ಳಬೇಡಿ, ಏಕೆಂದರೆ ಗೇಣು ಅಗಲದ ಗವಂತಿಗೂ ಗೇಣು ಅಗಲದ ಮೆಂತ್ಯೆಗೂ ಹಿಡಿಯುವ ಹೊತ್ತು ಒಂದೇ ಅಲ್ಲ. ಒಂದು ಪ್ರದೇಶದ ವಸ್ತುವಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕದ ನೋಂದಣಿಯೂ ಕಸೂತಿಗೆ ಇದೆ. ಮುಂದೆ ಅವರು ಪ್ರತಿಗಳನ್ನು ಯಂತ್ರದಲ್ಲಿ ಹೊಲಿಸುವ ವಿಚಾರ ತೆಗೆದರೆ ಅವುಗಳಿಗೆ ಕಸೂತಿಯ ಹೆಸರನ್ನು ಬಳಸಕೂಡದೆಂದು ಈಗಲೇ ಬರೆಸಿಕೊಳ್ಳಿ.

ಉತ್ತರ 3: ನಿವೃತ್ತ ಅಧ್ಯಾಪಕ, ಗದಗ

ಭಾಷೆ ಬಾರದವರು ಕೂಡಿ ಬರೆಯುವುದು ಹೇಗೆಂಬ ಪ್ರಶ್ನೆಗೆ ಒಂದು ಒಳ್ಳೆಯ ನಿದರ್ಶನವಿದೆ. 1969ರಲ್ಲಿ ಪ್ಯಾರಿಸ್‌ನ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಮೆಕ್ಸಿಕೋದ ಆಕ್ಟೇವಿಯೋ ಪಾಜ್, ಫ್ರಾನ್ಸಿನ ಜಾಕ್ ರೂಬೋ, ಇಟಲಿಯ ಎದುವಾರ್ದೋ ಸಾಂಗ್ವಿನೇತಿ ಮತ್ತು ಇಂಗ್ಲೆಂಡಿನ ಚಾರ್ಲ್ಸ್ ಟಾಮ್ಲಿನ್ಸನ್ ಒಟ್ಟಿಗೆ ಕುಳಿತು, ಜಪಾನಿನ ರೆಂಗಾ ಎಂಬ ಸರಪಳಿ ಕವಿತೆಯ ಮಾದರಿಯಲ್ಲಿ, ಒಬ್ಬರ ಸಾಲಿಗೆ ಇನ್ನೊಬ್ಬರು ಸಾಲು ಜೋಡಿಸುತ್ತ ಒಂದೇ ಕವಿತೆಯನ್ನು ಕಟ್ಟಿದರು. ನಾಲ್ವರೂ ಬರೆದದ್ದು ತಮ್ಮ ತಮ್ಮ ಭಾಷೆಯಲ್ಲಿ. ಎಲ್ಲರೂ ಇಂಗ್ಲಿಷಿಗೆ ಇಳಿಯಬೇಕೆಂಬ ಕಟ್ಟಳೆ ಅಲ್ಲಿರಲಿಲ್ಲ, ನಿಮ್ಮ ಕೆಲಸದಲ್ಲೂ ಇರಬೇಕಾಗಿಲ್ಲ. ನಿಮ್ಮ ಕೂಟದಲ್ಲಿ ಜಪಾನಿನವರೂ ಇರುವುದರಿಂದ ಈ ಕ್ರಮವನ್ನು ಅವರ ಮುಂದಿಟ್ಟು ನೋಡಿ.

ಇಂಥ ಕೂಟಗಳ ಆಯುಷ್ಯ ಹೆಚ್ಚಾಗಿ ಕಡಿಮೆ, ಇದು ಅವುಗಳ ಕೊರತೆಯೇನಲ್ಲ. ಕೋಪನ್‌ಹೇಗನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ನಗರಗಳ ಮೊದಲಕ್ಷರಗಳಿಂದ ಹೆಸರು ಪಡೆದ ಕೋಬ್ರಾ ಗುಂಪು 1948ರಲ್ಲಿ ಹುಟ್ಟಿ 1951ರಲ್ಲಿ ಮುಗಿಯಿತು; ಆದರೂ ಅದರ ಚಿತ್ರಕಾರರೂ ಕವಿಗಳೂ ಒಂದೇ ಹಾಳೆಯ ಮೇಲೆ ಕೂಡಿ ಮಾಡಿದ ಕೆಲಸಗಳನ್ನು ಜನ ಇಂದಿಗೂ ನೋಡುತ್ತಾರೆ. ನಮ್ಮ ಧಾರವಾಡದ ಗೆಳೆಯರ ಗುಂಪೂ ಬೇಂದ್ರೆಯವರ ಸುತ್ತ ಸ್ನೇಹದ ಬಲದಿಂದಲೇ ಬೆಳೆದು ಕನ್ನಡಕ್ಕೆ ಎಷ್ಟೋ ಜನ ಬರಹಗಾರರನ್ನು ಕೊಟ್ಟಿತು. ಆದ್ದರಿಂದ ಕೂಟ ಉಳಿಯುತ್ತದೆಯೇ ಎಂದು ಚಿಂತಿಸುವುದಕ್ಕಿಂತ, ಅದು ಕೈಬಿಟ್ಟರೆ ಮೂಲ ಪುಸ್ತಕ ಯಾರ ಬಳಿ ಇರಬೇಕು ಎಂಬುದನ್ನು ಈಗ ತೀರ್ಮಾನಿಸಿ. ಮೂಲವು ಧಾರವಾಡದಲ್ಲಿಯೇ ಉಳಿದು, ಪ್ರದರ್ಶನಕ್ಕೆ ಮಾತ್ರ ಹೊರಗೆ ಹೋಗಿಬರಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಷರತ್ತು ಬರೆಯಲು ಸಂಕೋಚಪಡಬೇಡಿ. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘ ಕಟ್ಟಿದಾಗ ಒಂದೇ ಊರಿನ ಪರಿಚಿತರೂ ನಿಯಮಗಳಿಗೆ ಒಳಪಟ್ಟೇ ನಡೆದರು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಕಸೂತಿಯವರೊಂದಿಗೆ ಕುಳಿತು ಇವನ್ನೆಲ್ಲ ಓದಿದೆವು. ಸಂಘದ ನೋಂದಣಿಯ ವಿಚಾರವನ್ನು ಕೈಬಿಟ್ಟಿದ್ದೇವೆ; ಪ್ರತಿಯೊಬ್ಬರೂ ಪ್ರತ್ಯೇಕ ಬಿಲ್ ಕೊಡುವುದೆಂದೂ, ಪ್ರತಿ ಪುಟದ ಕೆಳಗೆ ಕವಿ, ಚಿತ್ರಕಾರ ಮತ್ತು ಕಸೂತಿಯವರ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕೆಂದೂ ಕೂಟಕ್ಕೆ ಬರೆಯುತ್ತಿದ್ದೇವೆ. ಮೂಲ ಪುಸ್ತಕ ಇಲ್ಲಿಯೇ ಇರಲಿ ಎಂಬುದನ್ನೂ ಸೇರಿಸುತ್ತೇವೆ. ಅಕ್ಷರಗಳ ಬಗ್ಗೆ ಮಾತ್ರ ನಮ್ಮ ಹೆಣ್ಣುಮಕ್ಕಳ ಅಭಿಪ್ರಾಯ ಬೇರೆಯಾಗಿದೆ. ಅಚ್ಚು ಬೇಡ, ಮೂಲೆಗಳುಳ್ಳ ಕನ್ನಡ ಅಕ್ಷರಗಳನ್ನು ತಾವೇ ರೂಪಿಸುತ್ತೇವೆ ಎನ್ನುತ್ತಿದ್ದಾರೆ. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಎಷ್ಟು ಎಳೆ ಬಿಡಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಕಸೂತಿ ಕಲಿಸುವವರು ಈ ಬಗ್ಗೆ ದಾರಿ ತೋರಿಸಿದರೆ ಮೊದಲ ಮಾದರಿಯನ್ನು ಅದರಂತೆಯೇ ಹಾಕುತ್ತೇವೆ.