ಅಪ್‌ಡೇಟ್: ಶಹಾಬಾದ್ ಫರಸಿಯ ಮೇಲೆ ಬೀಳುವ ಸುತ್ತಿಗೆಯ ಬಲ

5 ಕಿಲೋ ಸುತ್ತಿಗೆ 2 ಮೀಟರ್ ಎತ್ತರದಿಂದ ಫರಸಿಯ ಮೇಲೆ ಬಿದ್ದರೆ ಎಷ್ಟು ಬಲ ತಾಗುತ್ತದೆ, ಕಲ್ಲಿನ ಯಂಗ್ ಮಾಡ್ಯುಲಸ್ (ಒತ್ತಿದರೆ ಅಥವಾ ಎಳೆದರೆ ಅದು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬ ಅಳತೆ) ಒಂದೇ ಗೊತ್ತಿದ್ದರೆ ಸಾಕೇ ಎಂದು ಕೇಳಿದ್ದೆ. ಸಾಲದು, ಸುತ್ತಿಗೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಎಂದಿರಿ. ನೋಡಿದೆ.

ಬೀಳುವ ಸುತ್ತಿಗೆಯ ಶಕ್ತಿ ಸುಮಾರು 98 ಜೌಲ್. ನಮ್ಮ ಅಂಗಳದ ಮರಳಿನಲ್ಲಿ ಅದು 2 ಸೆಂಟಿಮೀಟರ್ ಹೂತು ನಿಂತಿತು; ಶಕ್ತಿಯನ್ನು ಆ ದೂರದಿಂದ ಭಾಗಿಸಿದರೆ ಸರಾಸರಿ ಬಲ 5,000 ನ್ಯೂಟನ್ ಆಸುಪಾಸು. ಫರಸಿಯ ಮೇಲೆ ನಿಲ್ಲುವ ದೂರ 1 ಮಿಲಿಮೀಟರ್ ಎಂದಿಟ್ಟುಕೊಂಡರೂ ಸರಾಸರಿ ಬಲ ಒಂದು ಲಕ್ಷ ನ್ಯೂಟನ್ ಹತ್ತಿರ ಹೋಗುತ್ತದೆ, ಗರಿಷ್ಠ ಬಲ ಇನ್ನೂ ಹೆಚ್ಚು. ಪದರಪದರವಾದ ಈ ಸುಣ್ಣಕಲ್ಲು ಅಷ್ಟಕ್ಕೆ ಮೊದಲೇ ಸೀಳಿತು. ತುಂಡಿನ ಅಂಚು ಕತ್ತಿಯಷ್ಟು ಚೂಪು, ಬರಿಗೈಯಲ್ಲಿ ಮುಟ್ಟಬೇಡಿ.

ಎರಡು ಗಟ್ಟಿ ವಸ್ತು ತಾಗಿದಾಗಿನ ಬಲವನ್ನು ಲೆಕ್ಕ ಹಾಕುವ ಹರ್ಟ್ಜ್ ಸೂತ್ರವನ್ನೂ ಹಾಕಿ ನೋಡಿದೆ. ತಾಗುವ ಜಾಗದ ಬಿಗಿತ (ಒತ್ತಿದರೆ ತಗ್ಗದಿರುವ ಗುಣ) ಇಮ್ಮಡಿಯಾದರೆ ಗರಿಷ್ಠ ಬಲ ಏರುವುದು ಶೇ. 32 ಮಾತ್ರ, ಎತ್ತರ ಇಮ್ಮಡಿಯಾದರೆ ಶೇ. 52. ಆದರೆ ಆ ಸೂತ್ರ ಕಲ್ಲು ಒಡೆಯದೆ ಉಳಿಯುವವರೆಗಷ್ಟೇ ನಡೆಯುತ್ತದೆ. ನಿಲ್ಲುವ ದೂರ ಹೆಚ್ಚಿದರೆ ಬಲ ಇಳಿಯುತ್ತದೆ, ಹಾಗಾಗಿ ಕಲ್ಲು ಇಳಿಸುವ ಜಾಗದಲ್ಲಿ ಈಗ ದಪ್ಪ ಮರಳು ಹಾಸಿಸಿದ್ದೇನೆ.