ಹೆರಿಗೆ ಹೊತ್ತಿಗೆ ಫೋಟೋಗ್ರಾಫರ್ ಕರೆಸಿದವರು ಯಾರಾದರೂ ಇದ್ದೀರಾ?

ಎಂಟನೇ_ತಿಂಗಳು:

ಎಲ್ಲರಿಗೂ ನಮಸ್ಕಾರ. ನನಗೆ ಈಗ 33 ವಾರ, ಮೊದಲ ಮಗು. ಹೆರಿಗೆ ಬೆಂಗಳೂರಿನಲ್ಲೇ, ಖಾಸಗಿ ಆಸ್ಪತ್ರೆ. ನನ್ನ ಯಜಮಾನರು ಮರ್ಚೆಂಟ್ ನೇವಿಯಲ್ಲಿದ್ದಾರೆ. ಈ ಸಲದ ಹಡಗು ಯಾವ ಬಂದರಿಗೆ ಯಾವಾಗ ಬರುತ್ತದೆ, ಇಳಿಯೋಕೆ ಬದಲಿ ಆಳು ಸಿಗುತ್ತಾರಾ ಅನ್ನೋದು ಕೊನೇ ವಾರದ ತನಕ ಗೊತ್ತಾಗೋದಿಲ್ಲ. ಹೆರಿಗೆಗೆ ಅವರು ಬರದೇ ಇರೋ ಸಾಧ್ಯತೆಯೇ ಜಾಸ್ತಿ. ಹಡಗಿನಲ್ಲಿ ಇಂಟರ್ನೆಟ್ ಒಂದೊಂದು ದಿನ ಇರುತ್ತದೆ, ಒಂದೊಂದು ದಿನ ಇರೋದಿಲ್ಲ, ಹಾಗಾಗಿ ವಿಡಿಯೋ ಕಾಲ್ ನಂಬಿಕೊಂಡು ಕೂರೋಕೂ ಆಗಲ್ಲ.

ಅದಕ್ಕೇ ಹೆರಿಗೆ ಫೋಟೋ ತೆಗೆಯೋರನ್ನು ಕರೆಸಬೇಕು ಅಂತ ನನ್ನ ಆಸೆ. ಹೂವಿನ ಬುಟ್ಟಿಯಲ್ಲಿ ಮಗು ಮಲಗಿಸಿ ತೆಗೀತಾರಲ್ಲ, ಆ ಥರದ್ದು ಬೇಡ. ಮಗು ಹುಟ್ಟಿದ ಹೊತ್ತು ಹೇಗಿತ್ತು ಅಂತ ಅದರ ಅಪ್ಪ ನೋಡಬೇಕು, ಅಷ್ಟೇ.

ತೊಂದರೆ ಏನಂದರೆ ಆಸ್ಪತ್ರೆ ರಿಸೆಪ್ಷನ್‌ನಲ್ಲಿ ಕೇಳಿದರೆ "ಒಬ್ಬರೇ ಅಟೆಂಡರ್, ಕ್ಯಾಮೆರಾ ಬಿಡಲ್ಲ" ಅಂದರು. ಜೊತೆಗೆ ಅಮ್ಮ ಇರುತ್ತಾರೆ, ಹಾಸನದಿಂದ ಬರುತ್ತಾರೆ. ಅತ್ತೆ ಬೇರೆ, ಪುರುಡು ಕಳೆಯೋ ತನಕ ಮಗುವಿನ ಫೋಟೋ ತೆಗೀಬಾರದು, ದೃಷ್ಟಿ ಆಗುತ್ತದೆ ಅಂತಾರೆ. ಅವರ ಮನಸ್ಸು ನೋಯಿಸೋಕೂ ಇಷ್ಟ ಇಲ್ಲ. ಸಿಸೇರಿಯನ್ ಆದರೆ ಏನು ಮಾಡೋದು? ಫೋಟೋಗ್ರಾಫರ್ ಹತ್ತಿರ ಮೊದಲೇ ಏನೇನು ಮಾತಾಡಿಕೊಳ್ಳಬೇಕು? ಮಾಡಿಸಿದವರು ದಯವಿಟ್ಟು ಹೇಳಿ.

ಮೈಸೂರು_ಮಲ್ಲಿಗೆ:

ನಾನು ಎರಡನೇ ಮಗುವಿಗೆ ಮಾಡಿಸಿದ್ದೆ ಕಣ್ರೀ. ಮೊದಲು ಒಂದು ಮಾತು, ರಿಸೆಪ್ಷನ್ ಅವರ ಹತ್ತಿರ ಕೇಳಬೇಡಿ. ಅವರಿಗೆ ಬೋರ್ಡ್ ಮೇಲೆ ಏನು ಬರೆದಿದೆಯೋ ಅಷ್ಟನ್ನೇ ಹೇಳೋದು ಕೆಲಸ. ನಿಮ್ಮ ಡಾಕ್ಟರ್ ಹತ್ತಿರ ಚೆಕಪ್‌ಗೆ ಹೋದಾಗ ಕೂತು ಕೇಳಿ, ಯಜಮಾನರು ಊರಲ್ಲಿ ಇರೋದಿಲ್ಲ ಅನ್ನೋದನ್ನೂ ಹೇಳಿ. ಅವರು ಒಪ್ಪಿದರೆ ಲೇಬರ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರಾನೂ ಮಾತಾಡಿ, ಯಾಕಂದ್ರೆ ರಾತ್ರಿ ಎರಡು ಗಂಟೆಗೆ ನೋವು ಶುರುವಾಗಿ ನೀವು ಹೋದಾಗ ಬಾಗಿಲಲ್ಲಿ ಇರೋದು ಡಾಕ್ಟರ್ ಅಲ್ಲ, ಸಿಸ್ಟರ್.

ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ಆಗೋ ತನಕ ಫೋಟೋಗ್ರಾಫರ್‌ನ ಹೆರಿಗೆ ಕೋಣೆ ಒಳಗೆ ಬಿಡಲಿಲ್ಲ. ನೋವು ಸಣ್ಣದಾಗಿದ್ದಾಗ ರೂಮಿನಲ್ಲಿ ಸ್ವಲ್ಪ ತೆಗೆದರು, ಆಮೇಲೆ ಹೊರಗೆ ಕೂತಿದ್ದರು, ಮಗು ಬಂದು ಹೊಲಿಗೆ ಎಲ್ಲ ಮುಗಿದ ಮೇಲೆ ಕರೆದರು. ಆದರೂ ನನಗೆ ಪೂರ್ತಿ ಸಮಾಧಾನ ಇದೆ. ನಿಜ ಹೇಳಬೇಕು ಅಂದರೆ ನೋಡಬೇಕು ಅನ್ನಿಸೋ ಫೋಟೋಗಳೆಲ್ಲ ಆ ಮೊದಲ ಒಂದು ಗಂಟೆಯವು. ಮೈಮೇಲೆ ಇನ್ನೂ ಬಿಳೀ ಜಿಡ್ಡು ಇದ್ದ ಮಗು ನನ್ನ ಎದೆ ಮೇಲೆ ಮಲಗಿರೋದು, ಮೊದಲ ಸಲ ಹಾಲಿಗೆ ಬಾಯಿ ಹಾಕಿದ್ದು, ತೂಕದ ಮಶೀನಿನ ಮೇಲೆ ಕೈಕಾಲು ಬಡೀತಾ ಇರೋದು, ದೊಡ್ಡವಳು ಬಾಗಿಲ ಹತ್ತಿರ ನಿಂತು ಒಳಗೆ ಬರೋಕೆ ಹೆದರಿಕೊಂಡಿದ್ದು. ನನಗೆ ಇದರಲ್ಲಿ ಅರ್ಧ ನೆನಪೇ ಇಲ್ಲ, ಅಷ್ಟು ಸುಸ್ತಾಗಿತ್ತು. ಫೋಟೋ ಇರೋದಕ್ಕೆ ಗೊತ್ತು. ಹಾಗಾಗಿ ಒಳಗೆ ಬಿಡಲ್ಲ ಅಂದರೆ "ಆಮೇಲಿನ ಒಂದು ಗಂಟೆಗಾದರೂ ಬಿಡಿ" ಅಂತ ಕೇಳಿ. ಬಹಳ ಜನ ಇದಕ್ಕೆ ಒಪ್ಪುತ್ತಾರೆ.

ಕ್ಯಾಮೆರಾ_ಕೈಚೀಲ:

ನಾನು ಇದೇ ಕೆಲಸ ಮಾಡೋಳು, ಮದುವೆ ಫೋಟೋದಿಂದ ಶುರು ಮಾಡಿ ಈಗ ಹೆರಿಗೆ ಮತ್ತು ಬಾಣಂತನದ್ದು ತೆಗೀತೀನಿ. ಹಾಗಾಗಿ ನಮ್ಮ ಕಡೆಯಿಂದ ಏನು ಕೇಳಬೇಕು ಅಂತ ಹೇಳ್ತೀನಿ.

ಮೊದಲನೇದು, ಯಾವ ವಾರದಿಂದ ಯಾವ ವಾರದ ತನಕ ಅವರು ಕರೆದರೆ ಬರೋಕೆ ತಯಾರಿರುತ್ತಾರೆ ಅಂತ ಕೇಳಿ. ಡ್ಯೂ ಡೇಟ್ ದಿನವೇ ಹುಟ್ಟೋ ಮಕ್ಕಳು ಬಹಳ ಕಡಿಮೆ. ನಾನು 38ನೇ ವಾರದಿಂದ ಮಗು ಬರೋ ತನಕ ಫೋನ್ ತಲೆ ಹತ್ತಿರ ಇಟ್ಟುಕೊಂಡೇ ಮಲಗೋದು, ಆ ದಿನಗಳಲ್ಲಿ ಊರು ಬಿಟ್ಟು ಹೋಗಲ್ಲ, ಬೇರೆ ಕಡೆ ಒಪ್ಪಿಕೊಳ್ಳೋದೂ ಕಷ್ಟ. ರೇಟು ಜಾಸ್ತಿ ಅನ್ನಿಸೋದು ಈ ಕಾಯೋ ದಿನಗಳಿಗೇ. ಅವರಿಗೆ ಹುಷಾರಿಲ್ಲದೇ ಹೋದರೆ ಬದಲಿಗೆ ಯಾರು ಬರುತ್ತಾರೆ, ಅವರ ಕೆಲಸ ಹೇಗಿದೆ, ಅದನ್ನೂ ನೋಡಿ. ಮಗು ಬೇಗ ಬಂದು ಅವರು ತಲುಪೋದರೊಳಗೆ ಹೆರಿಗೆ ಆಗಿಬಿಟ್ಟರೆ ದುಡ್ಡು ಎಷ್ಟು ವಾಪಸ್, ಸಿಸೇರಿಯನ್ ಆದರೆ ಏನು, ಎಲ್ಲಾ ಬರೆದು ಸಹಿ ಮಾಡಿಸಿ.

ಎರಡನೇದು ಫ್ಲಾಶ್. ಹೆರಿಗೆ ಕೋಣೆಯಲ್ಲಿ ಫ್ಲಾಶ್ ಹಾಕೋರನ್ನು ಕರೆಯಲೇಬೇಡಿ. ಬೆಳಕು ಕಡಿಮೆ ಇರೋ ಕಡೆ ಎಫ್ 1.4, ಎಫ್ 1.8 ಥರದ, ಜಾಸ್ತಿ ಬೆಳಕು ಒಳಗೆ ಬಿಡೋ ಲೆನ್ಸ್ ಇದ್ದರೆ ಸಾಕು, ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದೇ ಇಲ್ಲದೆ ತೆಗೀಬಹುದು. ನಾನು ಯಾವಾಗಲೂ ತಾಯಿಯ ತಲೆ ಕಡೆ ನಿಲ್ಲೋದು, ಭುಜದ ಮೇಲಿಂದ ಕಾಣೋದನ್ನು ಮಾತ್ರ ತೆಗೆಯೋದು. ಬೇರೆ ಯಾವ ಕಡೆಯಿಂದ ತೆಗೀಬೇಕು, ತೆಗೀಬಾರದು ಅನ್ನೋದು ತಾಯಿಯ ಇಷ್ಟ. ಅದನ್ನು ಮೊದಲೇ ಹೇಳಿ. ಅವರು ಹಿಂದೆ ತೆಗೆದ ಒಂದು ಪೂರ್ತಿ ಹೆರಿಗೆಯ ಫೋಟೋಗಳನ್ನು ತೋರಿಸಿ ಅನ್ನಿ, ಆರಿಸಿದ ಹತ್ತು ಚೆಂದದ್ದು ಬೇಡ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ನೀವು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು ನಿಮ್ಮದೇ, ಬೇರೆ ಥರ ಒಪ್ಪಂದ ಆಗಿಲ್ಲದಿದ್ದರೆ. ಆದರೆ ಬಹಳ ಸ್ಟುಡಿಯೋಗಳ ಕಾಗದದಲ್ಲಿ "ಹಕ್ಕು ನಮ್ಮದು, ಜಾಹೀರಾತಿಗೆ ಹಾಕಿಕೊಳ್ಳುತ್ತೇವೆ" ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಹೊಡೆದು ಹಾಕಿಸಿ. ನಿಮ್ಮ ಹೆರಿಗೆ ಫೋಟೋ ಇನ್‌ಸ್ಟಾಗ್ರಾಮ್‌ನಲ್ಲಿ ಬರಬೇಕೋ ಬೇಡವೋ ಅನ್ನೋದನ್ನು ನೀವೇ ಹೇಳಬೇಕು, ಅದೂ ಹೆರಿಗೆ ಆದ ಮೇಲೆ, ಫೋಟೋ ನೋಡಿ.

ಲೇಬರ್_ವಾರ್ಡ್_ಸಿಸ್ಟರ್:

ನಾನು ಸ್ಟಾಫ್ ನರ್ಸ್. ನಾವು ಬೇಡ ಅನ್ನೋದಕ್ಕೆ ಕಾರಣ ಇರುತ್ತದೆ ಮೇಡಂ, ಅದು ಗೊತ್ತಿದ್ದರೆ ಕೇಳೋದು ಸುಲಭ. ಬಹಳ ಆಸ್ಪತ್ರೆಗಳಲ್ಲಿ ಲೇಬರ್ ವಾರ್ಡ್ ಅಂದರೆ ಒಂದೇ ಹಾಲ್, ಮಧ್ಯೆ ಪರದೆ. ಪಕ್ಕದ ಬೆಡ್ಡಿನಲ್ಲಿ ಇನ್ನೊಬ್ಬ ಹೆಣ್ಣುಮಗಳು ನೋವು ತಿನ್ನುತ್ತಾ ಇರುತ್ತಾಳೆ. ಅವಳು ಕ್ಯಾಮೆರಾಗೆ ಒಪ್ಪಿಲ್ಲ. ನಿಮ್ಮದು ಒಬ್ಬರೇ ಇರೋ ಹೆರಿಗೆ ಕೋಣೆ ಆಗಿದ್ದರೆ ಮಾತ್ರ ಮುಂದಿನ ಮಾತು.

ಒಟಿ, ಅಂದರೆ ಆಪರೇಷನ್ ಥಿಯೇಟರ್ ಒಳಗೆ ಬಿಡೋದು ಕಷ್ಟ. ಅಲ್ಲಿ ಎಲ್ಲಾ ಸ್ಟೆರೈಲ್ ಇರಬೇಕು, ಹೊರಗಿನವರು ಒಂದು ಟ್ರಾಲಿಗೆ ಕೈ ತಾಗಿಸಿದರೂ ಆ ಸಾಮಾನೆಲ್ಲ ಬದಲಾಯಿಸಬೇಕು. ಸಿಸೇರಿಯನ್ ಆದರೆ ರಿಕವರಿಯಲ್ಲಿ ಮಗುವನ್ನು ನಿಮಗೆ ಕೊಡುವಾಗ ಬರಲಿ ಅಂತ ಕೇಳಿ.

ಮಗು ಹುಟ್ಟಿದ ತಕ್ಷಣ ನಾವು ಉಸಿರು, ಬಣ್ಣ, ಅಳು, ಎದೆಬಡಿತ ನೋಡಿ ಒಂದನೇ ನಿಮಿಷಕ್ಕೆ, ಐದನೇ ನಿಮಿಷಕ್ಕೆ ಅಪ್ಗಾರ್ ಸ್ಕೋರ್, ಅಂದರೆ ಮಗು ಹೇಗಿದೆ ಅನ್ನೋದಕ್ಕೆ ಅಂಕ ಹಾಕ್ತೀವಿ. ಮಗು ಚೆನ್ನಾಗಿದ್ದರೆ ಹೊಕ್ಕುಳ ಬಳ್ಳಿ ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸೋದು, ಒರೆಸಿ ತಾಯಿಯ ಎದೆಗೆ ಹಾಕೋದು, ಒಂದು ಗಂಟೆಯೊಳಗೆ ಹಾಲು ಕುಡಿಸೋದು. ಫೋಟೋಗೋಸ್ಕರ ಮಗುವನ್ನು ಎತ್ತಿ ಈ ಕಡೆ ತಿರುಗಿಸಿ, ಬಟ್ಟೆ ಬದಲಾಯಿಸಿ ಅಂತ ಹೇಳೋರನ್ನು ನಾನೇ ಹೊರಗೆ ಕಳಿಸಿದ್ದೀನಿ. ಮಗುವಿಗೆ ಚಳಿ ಆಗುತ್ತದೆ. ಸಿಸ್ಟರ್ "ಸಾಕು" ಅಂದರೆ ಪ್ರಶ್ನೆ ಮಾಡದೆ ಹೊರಗೆ ಹೋಗೋ ಫೋಟೋಗ್ರಾಫರ್ ಬೇಕು. ರಕ್ತ ಜಾಸ್ತಿ ಹೋಗುತ್ತಿದ್ದರೆ ನಮಗೆ ಕಾರಣ ಹೇಳೋಕೆ ಪುರುಸೊತ್ತು ಇರೋದಿಲ್ಲ.

ಇನ್ನು, ಅಮ್ಮನ ಬದಲಿಗೆ ಫೋಟೋಗ್ರಾಫರ್ ಅಂತ ಯಾವತ್ತೂ ಮಾಡಬೇಡಿ. ಹೆರಿಗೆಯಲ್ಲಿ ಜೊತೆಗೆ ಒಬ್ಬರು ತಮ್ಮವರು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, 2016ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲೂ ಅದಕ್ಕೆ ಅವಕಾಶ ಕೊಟ್ಟಿತು. ಒಬ್ಬರನ್ನೇ ಬಿಡ್ತೀವಿ ಅಂದರೆ ಆ ಒಬ್ಬರು ಅಮ್ಮನೇ ಆಗಿರಲಿ.

ಸರಳವಾಗಿ:

ನನ್ನ ಅಭಿಪ್ರಾಯ ಬೇರೆ. ಬೇಜಾರು ಮಾಡ್ಕೋಬೇಡಿ. ಮೊದಲ ಹೆರಿಗೆ, ಎಷ್ಟು ಹೊತ್ತು ನೋವು ಇರುತ್ತದೋ, ನಿಮಗೆ ಹೇಗೆ ಅನ್ನಿಸುತ್ತದೋ ಗೊತ್ತಿಲ್ಲ. ಆ ಹೊತ್ತಲ್ಲಿ ಪರಿಚಯ ಇಲ್ಲದವರು ಮೂಲೆಯಲ್ಲಿ ನಿಂತಿದ್ದಾರೆ ಅನ್ನೋದೇ ಕೆಲವರಿಗೆ ಹಿಂಸೆ. ಆ ದುಡ್ಡು ಬಾಣಂತನಕ್ಕೆ ಇಟ್ಟುಕೊಳ್ಳಿ, ಎಣ್ಣೆ ನೀರಿಗೆ ಒಬ್ಬರು ಒಳ್ಳೆಯವರನ್ನು ಗೊತ್ತು ಮಾಡಿ. ಅಮ್ಮನ ಕೈಲಿ ಫೋನ್ ಕೊಟ್ಟರೆ ನಾಲ್ಕು ಫೋಟೋ ಬಂದೇ ಬರುತ್ತದೆ, ಅಪ್ಪನಿಗೆ ಅಷ್ಟು ಸಾಲದಾ?

ಲೇಬರ್_ವಾರ್ಡ್_ಸಿಸ್ಟರ್:

ಹಿಂಸೆ ಆಗಬಹುದು ಅನ್ನೋ ಮಾತು ಒಪ್ತೀನಿ. ಅದಕ್ಕೇ ಮೊದಲೇ ಒಂದೆರಡು ಸಲ ಭೇಟಿ ಆಗಿ ಮಾತಾಡಿ ನೋಡಬೇಕು, ಆ ದಿನ ಬೇಡ ಅನ್ನಿಸಿದರೆ ಬೇಡ ಅಂತ ಹೇಳೋ ಹಕ್ಕು ತಾಯಿಗೆ ಇರಬೇಕು. ಆದರೆ ಅಮ್ಮನ ಕೈಲಿ ಫೋನ್ ಬೇಡ ಸರ್. ಆ ಎರಡು ಕೈ ಮಗಳಿಗೆ ಬೇಕು. ಸೊಂಟ ನೀವಬೇಕು, ನೀರು ಕುಡಿಸಬೇಕು, ಕೈ ಹಿಡ್ಕೋಬೇಕು. ಫೋನ್ ಹಿಡಿದ ಅಮ್ಮಂದಿರು ಮಗಳ ಮುಖ ನೋಡೋದು ಬಿಟ್ಟು ಸ್ಕ್ರೀನ್ ನೋಡ್ತಾ ಇರೋದನ್ನು ದಿನಾ ನೋಡ್ತೀನಿ.

ಸಾಗರದ_ಅಜ್ಜಿ:

ಮಗಳೇ, ಅತ್ತೆಯ ಮಾತು ತೆಗೆದು ಹಾಕಬೇಡ, ಎದುರೂ ಆಡಬೇಡ. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಅವರಿಗಿರೋ ಭಯ ಫೋಟೋ ತೆಗೆಯೋದರ ಮೇಲೆ ಅಲ್ಲ, ನಾಲ್ಕು ಜನ ನೋಡೋದರ ಮೇಲೆ. ಮಗು ಹುಟ್ಟಿದ ಗಳಿಗೆಗೇ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕ್ತಾರಲ್ಲ, ಅದಕ್ಕೆ ಹೆದರಿಕೆ. "ನಾಮಕರಣ ಆಗಿ ತೊಟ್ಟಿಲಿಗೆ ಹಾಕೋ ತನಕ ಅದರ ಅಪ್ಪನಿಗೆ ಬಿಟ್ಟು ಇನ್ಯಾರಿಗೂ ತೋರಿಸಲ್ಲ ಅತ್ತೆ" ಅಂತ ನೀನೇ ಹೇಳು, ಹೇಳಿದ ಹಾಗೆ ನಡ್ಕೋ. ಮಗ ದೂರದಲ್ಲಿದ್ದಾನೆ ಅನ್ನೋ ಸಂಕಟ ಅವರಿಗೂ ಇರುತ್ತದಲ್ವಾ, ಅವನಿಗೋಸ್ಕರ ಅಂದರೆ ಬೇಡ ಅನ್ನಲ್ಲ.

ಎಂಟನೇ_ತಿಂಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಚೆಕಪ್ ಇತ್ತು, ಡಾಕ್ಟರ್ ಹತ್ತಿರ ಕೇಳಿದೆ. ನಾರ್ಮಲ್ ಆದರೆ ಅಮ್ಮನ ಜೊತೆಗೆ ಫೋಟೋಗ್ರಾಫರ್ ಕೂಡ ಬರಬಹುದು, ಆದರೆ ಹೆಂಗಸೇ ಆಗಿರಬೇಕು, ತಲೆ ಕಡೆ ಮಾತ್ರ ನಿಲ್ಲಬೇಕು, ಸ್ಟಾಫ್ ಮುಖ ಅವರನ್ನು ಕೇಳದೆ ತೆಗೀಬಾರದು, ವಿಡಿಯೋ ಬೇಡ ಅಂದರು. ಒಟಿ ಆದರೆ ಹೊರಗೆ. ಇದನ್ನೆಲ್ಲ ನನ್ನ ಫೈಲಿನಲ್ಲೇ ಬರೆದು ಕೊಟ್ಟರು, ರಾತ್ರಿ ಡ್ಯೂಟಿಯವರಿಗೆ ತೋರಿಸೋಕೆ. ಅತ್ತೆಗೆ ಅಜ್ಜಿ ಹೇಳಿದ ಹಾಗೇ ಹೇಳಿದೆ. ಸುಮ್ಮನಿದ್ದು, ಆಮೇಲೆ "ಅವನಿಗೆ ಕಳಿಸುವಾಗ ನನಗೂ ಒಂದು ತೋರಿಸು" ಅಂದರು.

ಈಗ ಇಬ್ಬರು ಫೋಟೋಗ್ರಾಫರ್ ಹತ್ತಿರ ಮಾತಾಡಬೇಕು. ಕ್ಯಾಮೆರಾ ಅಕ್ಕ, ಒಂದೇ ಪ್ರಶ್ನೆ, ನೋವು ಶುರುವಾದ ತಕ್ಷಣ ಫೋನ್ ಮಾಡಬೇಕಾ ಅಥವಾ ಅಡ್ಮಿಟ್ ಆದ ಮೇಲಾ?

ಕ್ಯಾಮೆರಾ_ಕೈಚೀಲ:

ಶುರುವಾದಾಗ ಒಂದು ಮೆಸೇಜ್ ಹಾಕಿ, ಬ್ಯಾಟರಿ ಚಾರ್ಜ್‌ಗೆ ಹಾಕ್ತೀವಿ. ಅಡ್ಮಿಟ್ ಆಗಿ ಸಿಸ್ಟರ್ ಪರೀಕ್ಷೆ ಮಾಡಿ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಹೇಳಿದ ಮೇಲೆ ಅಮ್ಮನ ಕೈಲಿ ಫೋನ್ ಮಾಡಿಸಿ. ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಅಂದರೆ ಹೊರಡ್ತೀವಿ. ನಿಮ್ಮದು ಬೆಂಗಳೂರು, ಸಂಜೆ ಹೊತ್ತಾದರೆ ಟ್ರಾಫಿಕ್ ಲೆಕ್ಕ ಹಾಕಿ ಇನ್ನೂ ಮೊದಲೇ ಹೇಳಿ.